ಹಳೆಯ ಕಾರಿನ ರಿಪೇರಿ ಕೂಲಿಯನ್ನು ಅಳೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಹದಿನೈದು ವರ್ಷ ದಾಟಿ, ಆರ್.ಸಿ. ನವೀಕರಿಸಿಕೊಂಡು ಓಡುತ್ತಿರುವ ಕಾರುಗಳು ಸಾಕಷ್ಟಿವೆ. ಅಂಥ ಕಾರನ್ನು ಗ್ಯಾರೇಜಿಗೆ ಒಯ್ದಾಗ ಸ್ಪೇರ್ ಪಾರ್ಟಿನ ಬೆಲೆಯ ಬಗ್ಗೆ ಹೆಚ್ಚು ತಕರಾರು ಹುಟ್ಟುವುದಿಲ್ಲ, ಏಕೆಂದರೆ ಅದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಮನಸ್ತಾಪ ಬರುವುದು ಕೂಲಿಯ ವಿಷಯದಲ್ಲಿ. ಮುನ್ನೂರು ರೂಪಾಯಿಯ ಸಾಮಾನಿಗೆ ಎರಡು ಸಾವಿರ ಕೂಲಿಯೇ ಎಂದು ಕೇಳುವವರನ್ನೂ, ಇಡೀ ಕಾರು ಮಾರಿದರೆ ಎಷ್ಟು ಬಂದೀತು ಎಂದು ಲೆಕ್ಕ ಹಾಕಿ ಮೆಕ್ಯಾನಿಕ್ ಹೆಚ್ಚು ಹೇಳಿದನೆಂದು ತೀರ್ಮಾನಿಸುವವರನ್ನೂ ನಾನು ಬಹಳ ಕಂಡಿದ್ದೇನೆ. ಈ ಎರಡು ಲೆಕ್ಕಗಳಿಗೂ ಮೆಕ್ಯಾನಿಕ್ ಮಾಡುವ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಏನೇನು ಬಿಚ್ಚಬೇಕು, ಅದು ಎಷ್ಟು ಹೊತ್ತಿನ ಕೆಲಸ, ಒಮ್ಮೆ ಬಿಚ್ಚಿದ್ದಕ್ಕೆ ಎಷ್ಟು ಸಲ ಹಣ ಕೇಳಲಾಗಿದೆ ಎಂಬುದನ್ನು ನೋಡಿದರೆ ಮಾತ್ರ ಕೂಲಿ ನ್ಯಾಯವೋ ಅಲ್ಲವೋ ಎಂಬುದು ತಿಳಿಯುತ್ತದೆ.

ನನ್ನದು 2008ರ ಮಾರುತಿ ಆಲ್ಟೊ, 796 ಸಿ.ಸಿ.ಯ ಮೂರು ಸಿಲಿಂಡರಿನ ಕಾರು. ಏರುದಾರಿಯಲ್ಲಿ ಇಂಜಿನ್ ಮೊರೆದರೂ ಕಾರು ಎಳೆಯದಾದಾಗ ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಸೆಟ್ ಬದಲಿಸಲೇಬೇಕಾಯಿತು. ಇದರ ಜತೆಗೆ ಗೇರ್‌ಬಾಕ್ಸ್ ಇಂಜಿನ್‌ಗೆ ಸೇರುವಲ್ಲಿ ಎಣ್ಣೆ ಜಿನುಗುತ್ತಿತ್ತು, ಅಂದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಕೂಡ ಹೋಗಿತ್ತು. ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕ್ಲಚ್ ಕೆಲಸಕ್ಕೆ 2,400 ರೂಪಾಯಿ ಕೂಲಿ ಎಂದರು. ಬದಿಯಡ್ಕದ ನಮ್ಮ ಮೆಕ್ಯಾನಿಕ್ 3,200 ಎಂದರು. ಅಷ್ಟನ್ನೇ ಕೇಳಿದವರಿಗೆ ಮಂಗಳೂರು ಅಗ್ಗವೆಂದು ತೋರುವುದು ಸಹಜ. ಎರಡೂ ಕಡೆ ವಿವರವಾಗಿ ಬರೆದುಕೊಡಿ ಎಂದು ಕೇಳಿಕೊಂಡ ಮೇಲೆ ಚಿತ್ರವೇ ಬೇರೆಯಾಯಿತು.

ಈ ಕಾರಿನಲ್ಲಿ ಕ್ಲಚ್ ಬದಲಿಸಬೇಕಾದರೆ ಬ್ಯಾಟರಿ ತೆಗೆಯಬೇಕು, ಕೇಬಲ್‌ಗಳನ್ನು ಕಳಚಬೇಕು, ಸ್ಟಾರ್ಟರ್ ಮೋಟಾರ್ ಬಿಚ್ಚಬೇಕು, ಗೇರ್ ಆಯಿಲ್ ಇಳಿಸಬೇಕು, ಮುಂದಿನ ಚಕ್ರಗಳ ಬಳಿ ಲೋವರ್ ಆರ್ಮ್‌ಗಳನ್ನು ಬಿಡಿಸಿ ಎರಡೂ ಡ್ರೈವ್ ಶಾಫ್ಟ್‌ಗಳನ್ನು ಹೊರಗೆಳೆಯಬೇಕು, ಇಂಜಿನ್‌ಗೆ ಆಧಾರ ಕೊಟ್ಟು ಗೇರ್‌ಬಾಕ್ಸನ್ನು ಕೆಳಗಿಳಿಸಬೇಕು. ನಿಜವಾದ ಶ್ರಮ ಇಷ್ಟೇ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಕೂರಿಸುವುದು ಅದರ ಮುಂದೆ ಸಣ್ಣ ಕೆಲಸ. ಗೇರ್‌ಬಾಕ್ಸ್ ಇಳಿದ ಮೇಲೆ ಫ್ಲೈವೀಲ್ ಎಂಬ ಇಂಜಿನ್ ತುದಿಯ ಭಾರದ ಚಕ್ರವನ್ನು ಬಿಚ್ಚಿದರೆ ಹಿಂದಿನ ಆಯಿಲ್ ಸೀಲ್ ಕಣ್ಣೆದುರಿಗೇ ಇರುತ್ತದೆ. ಡ್ರೈವ್ ಶಾಫ್ಟ್ ಹೊರಬಂದಾಗ ಅದರ ಸೀಲ್‌ಗಳೂ ಕೈಗೆ ಸಿಗುತ್ತವೆ. ಇದೇ ಹಿಂದಿನ ಸೀಲನ್ನು ಮುಂದೊಂದು ದಿನ ಪ್ರತ್ಯೇಕವಾಗಿ ಬದಲಿಸುವುದಾದರೆ ಇಡೀ ಗೇರ್‌ಬಾಕ್ಸ್ ಮತ್ತೊಮ್ಮೆ ಇಳಿಯಬೇಕು, ಆಗ ಸಣ್ಣ ರಬ್ಬರ್ ಸೀಲಿಗೆ ಕ್ಲಚ್ ಕೆಲಸದಷ್ಟೇ ಕೂಲಿ ಕೇಳಿದರೆ ಅದರಲ್ಲಿ ಅನ್ಯಾಯವಿಲ್ಲ.

ಮಂಗಳೂರಿನವರು ಬರೆದುಕೊಟ್ಟ ಚೀಟಿಯಲ್ಲಿ ಕ್ಲಚ್‌ಗೆ 2,400, ಹಿಂದಿನ ಸೀಲಿಗೆ 700, ಡ್ರೈವ್ ಶಾಫ್ಟ್ ಸೀಲ್‌ಗಳಿಗೆ 500 ಎಂದು ಬೇರೆ ಬೇರೆ ಕೂಲಿ ಇತ್ತು. ಒಟ್ಟು 3,600, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಸೇರಿ 4,248. ಸೀಲ್‌ಗಳಿಗೆ ಅಷ್ಟು ಕೇಳುವುದು ಒಮ್ಮೆ ಬಿಚ್ಚಿದ್ದಕ್ಕೇ ಎರಡನೆಯ ಸಲ ಹಣ ಕೇಳಿದಂತೆ. ಬದಿಯಡ್ಕದ 3,200ರಲ್ಲಿ ಈ ಸೀಲ್‌ಗಳ ಕೆಲಸವೆಲ್ಲ ಸೇರಿತ್ತು. ಫ್ಲೈವೀಲಿನ ಮೈ ಸಮ ಮಾಡಿಸಲು ಅದನ್ನು ಲೇತಿಗೆ ಒಯ್ದು ತರುವುದೂ ಸೇರಿತ್ತು, ಲೇತಿನವರ ಚೀಟಿ ಮಾತ್ರ ಪ್ರತ್ಯೇಕ. ಹಲವು ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪಿನ ವಿಷಯವೂ ಹೀಗೆಯೇ, ಬೆಲ್ಟ್ ಬಿಚ್ಚಿದಾಗಲೇ ಪಂಪೂ ಕೈಗೆ ಸಿಗುತ್ತದೆ.

ತೆರಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗಿನ ವಹಿವಾಟಿನ ಸಣ್ಣ ಗ್ಯಾರೇಜುಗಳು ಸಾಮಾನ್ಯವಾಗಿ ನೋಂದಣಿ ಮಾಡಿಸಿಕೊಳ್ಳಬೇಕಾಗಿಲ್ಲ, ನೋಂದಣಿ ಇಲ್ಲದವರು ಜಿ.ಎಸ್.ಟಿ. ವಸೂಲಿ ಮಾಡುವಂತೆಯೂ ಇಲ್ಲ. ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಹದಿನೈದು ಅಕ್ಷರಾಂಕಗಳ ನೋಂದಣಿ ಸಂಖ್ಯೆ ಅದರಲ್ಲಿ ಇರಲೇಬೇಕು. ಕೇರಳದ್ದಾದರೆ ಅದು 32ರಿಂದ, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ಗಡಿಯ ಎರಡೂ ಬದಿಗಳಲ್ಲಿ ರಿಪೇರಿ ಮಾಡಿಸುವ ನಮಗೆ ಇದು ತಿಳಿದಿರುವುದು ಒಳ್ಳೆಯದು.

ಹಳೆಯ ಕಾರಿನಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ತುಕ್ಕಿನದು. ಕಂಪೆನಿಯ ಸರ್ವಿಸ್ ಸೆಂಟರುಗಳಲ್ಲಿ ಪ್ರತಿ ಕೆಲಸಕ್ಕೂ ನಿಗದಿತ ಸಮಯದ ಪಟ್ಟಿ ಇರುತ್ತದೆ, ಫೋನು ಮಾಡಿ ಕೇಳಿದರೆ ಆ ಲೆಕ್ಕದ ಕೂಲಿಯನ್ನು ಹೇಳುತ್ತಾರೆ. ಹೋಲಿಸಲು ಅದು ಉಪಯುಕ್ತ. ಆದರೆ ಬೋಲ್ಟುಗಳು ಸಲೀಸಾಗಿ ತಿರುಗಿ ಬರುತ್ತವೆ ಎಂದು ಭಾವಿಸಿಯೇ ಅಂಥ ಪಟ್ಟಿಗಳನ್ನು ಮಾಡಿರುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಜಿಲ್ಲೆಯಲ್ಲಿ, ಅದರಲ್ಲೂ ಉಪ್ಪಳ, ಮಂಜೇಶ್ವರ, ಕುಂಬಳೆಯಂಥ ಕಡಲ ಬದಿಯ ಊರುಗಳಲ್ಲಿ, ಕಾರಿನ ಅಡಿಭಾಗದ ಬೋಲ್ಟು ಹಾಗೆ ಬರುವುದು ಅಪರೂಪ. ಬದಿಯಡ್ಕದ ಮೆಕ್ಯಾನಿಕ್ ನನ್ನನ್ನು ಕರೆದು ಎಡಗಡೆಯ ಲೋವರ್ ಆರ್ಮಿನ ತುದಿಯ ಬಾಲ್ ಜಾಯಿಂಟಿನ ಬೋಲ್ಟಿಗೆ ಟಾರ್ಚು ಬಿಟ್ಟು ತೋರಿಸಿದರು. ಅದರ ತಲೆಯ ಮೂಲೆಗಳು ತುಕ್ಕು ತಿಂದು ಉರುಟಾಗಿದ್ದವು, ಸ್ಪಾನರ್ ಹಿಡಿಯುವಂತಿರಲಿಲ್ಲ. "ಮಾಷ್ಟ್ರೇ, ಇದು ಸುಲಭದಲ್ಲಿ ಬರುವ ಹಾಗೆ ಕಾಣುವುದಿಲ್ಲ. ತುಂಡಾದರೆ ಡ್ರಿಲ್ ಹಾಕಿಯೇ ತೆಗೆಯಬೇಕು, ಅದಕ್ಕೆ ಬೇರೆ ಆಗುತ್ತದೆ," ಎಂದರು. ಎಷ್ಟು ಬೇರೆ ಎಂದು ಅಲ್ಲಿಯೇ ಕೇಳಿದೆ. ಒಂದು ಬೋಲ್ಟಿಗೆ 400, ಎಷ್ಟೇ ತುಂಡಾದರೂ ಒಟ್ಟು ಸಾವಿರ ದಾಟದು ಎಂದು ಮಾತಾಯಿತು. ಹೀಗೆ ಮೊದಲೇ ಮಿತಿ ಹಾಕಿಕೊಂಡ ಕೂಲಿಯನ್ನು ನಾನು ನಂಬುತ್ತೇನೆ. ಏನೇ ಆದರೂ ಇಷ್ಟೇ ಎನ್ನುವವರು ಆ ಅಪಾಯಕ್ಕಾಗಿ ಎಲ್ಲರಿಂದಲೂ ಮೊದಲೇ ಹೆಚ್ಚು ವಸೂಲಿ ಮಾಡಿರುತ್ತಾರೆ, ಇಲ್ಲವೇ ಬೋಲ್ಟು ತುಂಡಾದ ಮೇಲೆ ಮಾತು ಬದಲಿಸುತ್ತಾರೆ.

ಗಂಟೆಯ ದರ ಎಷ್ಟಿರಬೇಕೆಂದು ಕೇಳುವವರಿಗೆ ನಾನು ತೋಟದ ಲೆಕ್ಕವನ್ನೇ ಹೇಳುತ್ತೇನೆ. ಅಡಿಕೆ ಮರವೇರಿ ಮದ್ದು ಸಿಂಪಡಿಸುವವರ ಕೌಶಲಕ್ಕೂ ಅವರು ಎದುರಿಸುವ ಅಪಾಯಕ್ಕೂ ಬೆಲೆಯಿದೆ ಎಂದು ಒಪ್ಪಿ ನಾವು ಒಳ್ಳೆಯ ಕೂಲಿ ಕೊಡುತ್ತೇವೆ. ಕಾರಿನಡಿ ಮಲಗಿ ಭಾರದ ಗೇರ್‌ಬಾಕ್ಸ್ ಇಳಿಸುವವರಿಗೆ ಅದಕ್ಕಿಂತ ಕಡಿಮೆ ಏಕೆ? ಮೆಕ್ಯಾನಿಕ್ ಮತ್ತು ಸಹಾಯಕನ ಒಂದು ದಿನದ ಕೂಲಿ, ಅದರ ಮೇಲೆ ಕಟ್ಟಡದ ಬಾಡಿಗೆ, ಕರೆಂಟು, ಸಾಧನಗಳ ಖರ್ಚು, ಕೆಲಸ ಕೆಟ್ಟರೆ ಪುನಃ ಮಾಡಿಕೊಡುವ ಹೊಣೆ ಇವನ್ನೆಲ್ಲ ಸೇರಿಸಿ ನೋಡಿದಾಗ 3,200 ನನಗೆ ಸರಿಯೆಂದೇ ತೋರಿತು. ಆದ್ದರಿಂದ ಚೌಕಾಸಿ ಮಾಡಲಿಲ್ಲ.

ಆ ಎಡಗಡೆಯ ಬೋಲ್ಟು ತುಂಡಾಯಿತು, ಉಳಿದವು ಬಂದವು. ಕೂಲಿ 3,600 ಕೊಟ್ಟೆ. ಬಿಚ್ಚಿದ ಹಳೆಯ ಪ್ಲೇಟನ್ನೂ ಸೀಲ್‌ಗಳನ್ನೂ ಕೇಳುವ ಮೊದಲೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ತೋರಿಸಿದರು. ಲೋವರ್ ಆರ್ಮಿನ ಬುಶ್‌ಗಳನ್ನೂ ಆಗಲೇ ಬದಲಿಸಬಹುದಿತ್ತು, ಆದರೆ ಅವು ಇನ್ನೂ ಒಂದು ಮಳೆಗಾಲ ತಡೆಯುತ್ತವೆ ಎಂದು ಮೆಕ್ಯಾನಿಕ್ ತಾವಾಗಿಯೇ ಹೇಳಿದರು. ಆ ಕೆಲಸಕ್ಕೆ ಹೋದಾಗ ಹೊಸ ಬೋಲ್ಟು ಗ್ರೀಸ್ ಹಚ್ಚಿ ಕೂರಿಸಿದ್ದೇ ಆಗಿರುವುದರಿಂದ ತುಕ್ಕಿನ ಲೆಕ್ಕ ಎಡಗಡೆಗೆ ಬರುವುದಿಲ್ಲ, ಬಲಗಡೆಗೆ ಮಾತ್ರ ಎಂದು ಚೀಟಿಯ ಹಿಂಬದಿಯಲ್ಲಿ ಬರೆಸಿಟ್ಟುಕೊಂಡಿದ್ದೇನೆ.