ಎಡಗಡೆ ಚಕ್ರದ ಕೆಂಪು ನಟ್ಟು

ಆ ಕಾರು ಅಮೆರಿಕದ ನಮ್ಮ ಗ್ಯಾರೇಜಿಗೆ ಟ್ರೇಲರಿನ ಮೇಲೆ ಬಂತು. ನಾಲ್ಕು ಚಕ್ರಗಳಲ್ಲಿ ಮೂರು ಬ್ರೇಕಿಗೆ ಕಚ್ಚಿಕೊಂಡಿದ್ದವು; ಕೆಳಗಿಳಿಸಲು ಎರಡು ತಾಸು ಹಿಡಿಯಿತು. ಬಾನೆಟ್ಟಿನ ಮೇಲೆ ಪಾರಿವಾಳದ ಹಿಕ್ಕೆ, ಗಾಜಿನ ಮೇಲೆ ದಪ್ಪನೆಯ ಧೂಳು, ಸೀಟಿನ ಸ್ಪಂಜಿನೊಳಗೆ ಇಲಿಗಳ ಗೂಡು. 1969ರ ಪ್ಲಿಮತ್ ರೋಡ್ ರನ್ನರ್. ದಕ್ಷಿಣ ಮಿಶಿಗನ್‌ನ ಒಂದು ಹೊಲದ ಬದಿಯ ಮರದ ಕೊಟ್ಟಿಗೆಯಲ್ಲಿ 1986ರಿಂದ ನಿಂತಲ್ಲೇ ನಿಂತಿತ್ತು. ಅಮೆರಿಕದ ಕೊಟ್ಟಿಗೆ ನಮ್ಮ ದನದ ಕೊಟ್ಟಿಗೆಯಂಥದ್ದಲ್ಲ. ಎರಡು ಮಹಡಿಯಷ್ಟು ಎತ್ತರ, ಹುಲ್ಲು, ಟ್ರ್ಯಾಕ್ಟರು, ಮುರಿದ ಸಾಮಾನು ಎಲ್ಲಕ್ಕೂ ಅಲ್ಲಿ ಜಾಗವಿರುತ್ತದೆ. ಒಮ್ಮೆ ಒಳಗೆ ಸೇರಿದ ಕಾರು ಒಂದು ತಲೆಮಾರು ಕಳೆದ ಮೇಲೆ ಹೊರಗೆ ಬರುವುದುಂಟು. ಅಂಥ ಕಾರುಗಳನ್ನು ಮತ್ತೆ ಓಡುವಂತೆ ಮಾಡುವುದೇ ನಮ್ಮ ಆರು ಜನರ ಕೆಲಸ.

ಪ್ಲಿಮತ್ 1968ರಲ್ಲಿ ರೋಡ್ ರನ್ನರ್ ಮಾದರಿಯನ್ನು ಹೊರತಂದಾಗ ಅದರ ಲೆಕ್ಕಾಚಾರ ನೇರವಾಗಿತ್ತು: ಒಳಗಿನ ಅಲಂಕಾರಕ್ಕೆ ಕತ್ತರಿ, ದುಡ್ಡೆಲ್ಲ ಎಂಜಿನ್ನಿಗೆ. 383 ಘನ ಅಂಗುಲದ, ಅಂದರೆ ಸುಮಾರು 6.3 ಲೀಟರಿನ ವಿ-8, 335 ಅಶ್ವಶಕ್ತಿ. ಬೆಲೆ 3,000 ಡಾಲರಿಗಿಂತ ಕೆಳಗಿನಿಂದ ಶುರು. ಕಾರ್ಟೂನಿನ ಹಕ್ಕಿಯ ಹೆಸರನ್ನು ಬಳಸಲು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟು, ಹಾರ್ನ್ ಕೂಡ ಅದೇ ಹಕ್ಕಿಯಂತೆ ‘ಬೀಪ್ ಬೀಪ್’ ಎನ್ನುವಂತೆ ಮಾಡಿದರು. 1969ರಲ್ಲಿ ಮೋಟಾರ್ ಟ್ರೆಂಡ್ ಪತ್ರಿಕೆ ಇದನ್ನೇ ವರ್ಷದ ಕಾರೆಂದು ಆರಿಸಿತು. ಶ್ರೀಮಂತರ ಕಾರಲ್ಲ ಇದು. ಪಾಳಿ ಮುಗಿಸಿ ಕಾರ್ಖಾನೆಯಿಂದ ಹೊರಬರುವ ಹುಡುಗರು ಕಂತಿನಲ್ಲಿ ಕೊಂಡ ಕಾರು. ಮಸಲ್ ಕಾರುಗಳಲ್ಲಿ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಕಾರುಗಳಲ್ಲಿ, ನನಗೆ ಇದರ ಮೇಲೆ ಪ್ರೀತಿ ಹೆಚ್ಚಿರುವುದಕ್ಕೆ ಅದೇ ಕಾರಣ.

ಈ ಕಾರನ್ನು ಹೊಸದಾಗಿ ಕೊಂಡವರು ಕಾರ್ಖಾನೆಯ ಕೆಲಸಗಾರರೊಬ್ಬರೇ. ಡೆಟ್ರಾಯಿಟ್‌ನ ಲಿಂಚ್ ರೋಡ್ ಘಟಕದ ಜೋಡಣಾ ಸಾಲಿನಲ್ಲಿ ದುಡಿಯುತ್ತಿದ್ದವರು. ಕಾರ್ಖಾನೆ ಕೊಟ್ಟ ಕಾರಿನ ಸಂಖ್ಯೆ ‘ಆರ್‌ಎಂ21ಎಚ್9ಎ’ ಎಂದು ಶುರುವಾಗುತ್ತದೆ. ಕೊನೆಯ ಆ ‘ಎ’ ಅಕ್ಷರ ಲಿಂಚ್ ರೋಡಿನ ಗುರುತು. ತಾವು ನಿಂತು ಕೆಲಸ ಮಾಡಿದ ಸಾಲಿನಲ್ಲೇ ತಯಾರಾದ ಕಾರನ್ನು ಮನೆಗೆ ತಂದಿದ್ದರು. 1981ರಲ್ಲಿ ಆ ಘಟಕ ಮುಚ್ಚಿತು. 1986ರಲ್ಲಿ ಅವರು ತೀರಿಕೊಂಡರು. ಕಾರನ್ನು ಮಾರಲು ಯಾರಿಗೂ ಮನಸ್ಸಾಗಲಿಲ್ಲ, ಓಡಿಸಲೂ ಆಗಲಿಲ್ಲ. ಈಗ ನಮ್ಮ ಬಳಿ ತಂದವಳು ಮೊಮ್ಮಗಳು. ತಂದೆಗೆ ಅರುವತ್ತು ದಾಟಿತು, ಅವರು ಮತ್ತೊಮ್ಮೆ ಇದನ್ನು ಓಡಿಸಬೇಕು ಎಂದಳು. ‘ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಕೊಡಿ’ ಎಂಬುದು ಅವಳ ಮಾತು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ.

ಮೊದಲ ವಾರ ಎಂಜಿನ್ನನ್ನು ಮುಟ್ಟುವುದಿಲ್ಲ. ಇಲಿ ಗೂಡು ಕಂಡರೆ ಪೊರಕೆ ಹಿಡಿಯುವುದೂ ಇಲ್ಲ. ಇಲ್ಲಿನ ಕಾಡಿಲಿಗಳ ಹಿಕ್ಕೆಯಿಂದ ಹ್ಯಾಂಟಾ ವೈರಸ್ ತಗಲಬಹುದು. ಒಣ ಧೂಳು ಎದ್ದರೆ ಶ್ವಾಸಕೋಶಕ್ಕೆ ಅಪಾಯ. ಬ್ಲೀಚ್ ಬೆರೆಸಿದ ನೀರಿನಿಂದ ಗೂಡನ್ನು ನೆನೆಸಿ, ಮುಖವಾಡ, ಕೈಗವಸು ಹಾಕಿಕೊಂಡು ಒದ್ದೆಯಾಗಿಯೇ ತೆಗೆಯಬೇಕು. ಬ್ರೇಕ್ ಡ್ರಮ್ಮಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಬಾರದು, ಆ ಕಾಲದ ಬ್ರೇಕ್ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಇದನ್ನು ಮನೆಯಲ್ಲೇ ಹಳೆ ಕಾರು ಬಿಚ್ಚುವವರಿಗೆ ನಾನು ಸಿಕ್ಕಲ್ಲೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ನಂತರ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾದೆವು. ಬ್ಯಾಟರಿ ಕೊಟ್ಟು ಸ್ಟಾರ್ಟರ್ ತಿರುಗಿಸುವ ಆತುರ ಎಲ್ಲರಿಗೂ ಇರುತ್ತದೆ. ತುಕ್ಕು ಹಿಡಿದ ಪಿಸ್ಟನ್ ರಿಂಗು ಹಾಗೆ ಎಳೆದರೆ ಮುರಿದು ಸಿಲಿಂಡರನ್ನು ಗೀರುತ್ತದೆ. ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಹಿಡಿಯ ಪಾನಾ ಕೊಟ್ಟು ಕೈಯಿಂದಲೇ ತಿರುಗಿಸಬೇಕು. ಎಂಟನೆಯ ದಿನ ಅದು ಒಂದು ಕೂದಲೆಳೆಯಷ್ಟು ಸರಿಯಿತು. ಆ ಗಳಿಗೆಯಲ್ಲಿ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆ ಕಾರಿನ ಸಂಖ್ಯೆಗೆ ತಾಳೆಯಾಯಿತು. ಅಂದರೆ ಇದೇ ಹೃದಯದೊಂದಿಗೆ ಹುಟ್ಟಿದ ಕಾರು. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ, ಸಾಲಿನ ಕೆಲಸಗಾರರು ಓದಿಕೊಂಡು ಭಾಗಗಳನ್ನು ಜೋಡಿಸುತ್ತಿದ್ದ ಕಾರ್ಖಾನೆಯ ಕಾಗದವೂ ಸಿಕ್ಕಿತು. ಒಂದು ಮೂಲೆಯನ್ನು ಇಲಿ ತಿಂದಿತ್ತು. ಇಷ್ಟೆಲ್ಲ ಸಿಕ್ಕಿದ ಹುಮ್ಮಸ್ಸಿನಲ್ಲಿ ನಾನು ಚಕ್ರಗಳಿಗೆ ಕೈ ಹಾಕಿದೆ.

ಇಲ್ಲಿ ನನ್ನ ಊರಿನ ಮಾತು ಬರಲೇಬೇಕು. ಪ್ಲಿಮತ್ ಸೇರಿದ ಕ್ರೈಸ್ಲರ್ ಬಳಗದ ಕಾರುಗಳಲ್ಲಿ 1970ರವರೆಗೆ ಎಡಗಡೆ ಚಕ್ರಗಳ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತಿತ್ತು. ಬಿಚ್ಚಲು ಬಲಕ್ಕೆ ತಿರುಗಿಸಬೇಕು, ಬಿಗಿಯಲು ಎಡಕ್ಕೆ. ಕಾರು ಮುಂದೆ ಓಡುವಾಗ ಎಡ ಚಕ್ರದ ತಿರುಗಾಟಕ್ಕೆ ಸಾಮಾನ್ಯ ಥ್ರೆಡ್ಡಿನ ನಟ್ಟು ಸಡಿಲವಾದೀತೆಂಬ ಎಚ್ಚರಿಕೆ ಅದು. ಬೇರೆ ಕಂಪನಿಗಳು ಅದನ್ನು ಬಿಟ್ಟ ಮೇಲೂ ಕ್ರೈಸ್ಲರ್ ಹಿಡಿದುಕೊಂಡೇ ಇತ್ತು. ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಲ್ಲಿ ಪ್ರತಿಯೊಬ್ಬನೂ ಒಮ್ಮೆಯಾದರೂ ಈ ನಟ್ಟುಗಳ ಮುಂದೆ ಬೆವರಿಳಿಸಿ, ಒಂದು ಬೋಲ್ಟನ್ನು ಮುರಿದೇ ಕಲಿಯುತ್ತಾನೆ. ನಾನು ಮುರಿಯಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪ ಲಾರಿ ಗ್ಯಾರೇಜು ನಡೆಸುತ್ತಿದ್ದರು. ಅವರು ಕೆಲಸ ಕಲಿತದ್ದೇ ಫಾರ್ಗೋ, ಡಾಜ್ ಲಾರಿಗಳ ಮೇಲೆ. ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಸ್ವಾತಂತ್ರ್ಯದ ಹೊತ್ತಿಗೇ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಆ ಹೆಸರಿನ ವಾಹನಗಳನ್ನು ತಯಾರಿಸುತ್ತಿತ್ತು. ‘ತಮ್ಮಾ, ಎಡಗಡೆ ಗಾಲಿಗೆ ಪಾನಾ ಹಚ್ಚುವ ಮುಂಚೆ ಬೋಲ್ಟಿನ ತುದಿ ನೋಡು’ ಎಂದು ಅಪ್ಪ ಹೇಳುತ್ತಿದ್ದರು. ತುದಿಯಲ್ಲಿ ‘ಎಲ್’ ಎಂದು ಕೊರೆದಿದ್ದರೆ ಉಲ್ಟಾ. ಏಳು ಸಮುದ್ರದಾಚೆ ಆ ಒಂದು ಮಾತಿನ ಬಲದಿಂದ ನಾನು ಮೊದಲ ವಾರದಲ್ಲೇ ಈ ಗ್ಯಾರೇಜಿನ ಯಜಮಾನರ ನಂಬಿಕೆ ಗಳಿಸಿದ್ದೆ.

ಆ ದಿನವೂ ನೋಡಿದೆ. ಹಿಂದಿನ ಎಡ ಚಕ್ರದ ಐದು ಬೋಲ್ಟುಗಳಲ್ಲಿ ನಾಲ್ಕರ ಮೇಲೆ ‘ಎಲ್’ ಇತ್ತು. ಐದನೆಯದರ ಮೇಲೆ ಇರಲಿಲ್ಲ. ಅದು ಸಾಮಾನ್ಯ ಥ್ರೆಡ್ಡಿನದು. ಯಾರೋ ನಡುವೆ ಬದಲಿಸಿದ್ದರು. ಅದರ ನಟ್ಟಿನ ಮೇಲೆ ಗ್ರೀಸಿನ ಅಡಿಯಲ್ಲಿ ಕೆಂಪು ಬಣ್ಣದ ಗುರುತು. ಯಾವುದೋ ಟೈರ್ ಅಂಗಡಿಯವನ ತೇಪೆ ಕೆಲಸ ಎಂದುಕೊಂಡೆ. ಕಂಪನಿಯಿಂದ ಬಂದಂತೆ ಇರಬೇಕು ಎಂದು ಗಿರಾಕಿಯೇ ಹೇಳಿದ್ದಾಳೆ. ಪ್ರೆಸ್ಸಿನಲ್ಲಿ ಆ ಬೋಲ್ಟನ್ನು ಹೊರಗೆ ಒತ್ತಿ, ‘ಎಲ್’ ಗುರುತಿನ ಸರಿಯಾದ ಬೋಲ್ಟು ಹುಡುಕಿ ತರಿಸಿ ಕೂರಿಸಿದೆ. ಹಳೆಯದನ್ನು ನಟ್ಟಿನ ಸಮೇತ ಗುಜರಿ ಡಬ್ಬಕ್ಕೆ ಎಸೆದೆ. ಫೋಟೋ ಕೂಡ ತೆಗೆಯಲಿಲ್ಲ. ಸಂಜೆ ಮನೆಗೆ ಹೋಗುವಾಗ ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿತ್ತು.

ಹನ್ನೊಂದು ದಿನಗಳ ಮೇಲೆ ಮಗಳ ಜೊತೆ ತಂದೆ ಬಂದರು. ಎತ್ತರದ, ಮಿತಭಾಷಿ ಮನುಷ್ಯ. ಹೊಳೆಯುತ್ತಿದ್ದ ಕಾರ್ಬೊರೇಟರನ್ನಾಗಲಿ, ಆ ಕಾಗದವನ್ನಾಗಲಿ ಅವರು ಮೊದಲು ನೋಡಲಿಲ್ಲ. ನೇರವಾಗಿ ಹಿಂದಿನ ಎಡ ಚಕ್ರದ ಬಳಿಗೆ ಹೋಗಿ, ಮಂಡಿಯೂರಿ ಕುಳಿತು, ಬೆರಳಿನಿಂದ ಐದು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿದರು. ‘ಕೆಂಪು ನಟ್ಟು ಎಲ್ಲಿ?’ ಎಂದು ಕೇಳಿದರು.

1975ರಲ್ಲಿ ಅವರಿಗೆ ಹದಿನಾಲ್ಕು ವರ್ಷ. ಅಪ್ಪ ಪಾಳಿಯಿಂದ ಬರುವಷ್ಟರಲ್ಲಿ ಪಂಕ್ಚರಾದ ಚಕ್ರ ಬದಲಿಸಿ ಮೆಚ್ಚುಗೆ ಗಳಿಸಬೇಕೆಂದು ಹೊರಟಿದ್ದರು. ನಟ್ಟು ಬಿಚ್ಚಲಿಲ್ಲ. ಪಾನಾಕ್ಕೆ ನೀರಿನ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿದರು. ಬೋಲ್ಟು ತುಂಡಾಯಿತು. ಅಪ್ಪ ಬಂದರು, ನೋಡಿದರು, ಬಯ್ಯಲಿಲ್ಲ. ಊಟದ ಡಬ್ಬಿಯನ್ನು ನೆಲದ ಮೇಲಿಟ್ಟು ಮಗನ ಪಕ್ಕದಲ್ಲೇ ಕುಳಿತು ‘ಎಲ್’ ಅಕ್ಷರ ತೋರಿಸಿದರು. ಮರುದಿನ ಭಾನುವಾರ, ಉಲ್ಟಾ ಥ್ರೆಡ್ಡಿನ ಬೋಲ್ಟು ಸಿಗಲಿಲ್ಲ, ಮನೆಯಲ್ಲಿದ್ದ ಸಾಮಾನ್ಯ ಬೋಲ್ಟನ್ನೇ ಹಾಕಿ, ಮುಂದೆ ಗುರುತು ಸಿಗಲೆಂದು ಹೆಂಡತಿಯ ನೇಲ್ ಪಾಲಿಶ್ ಬಳಿದರು. ಬದಲಿಸೋಣ ಎಂದಿದ್ದು ಬದಲಾಗಲೇ ಇಲ್ಲ. ಆಮೇಲೆ ಎಷ್ಟು ಸಲ ಆ ಚಕ್ರ ತೆಗೆದರೂ ಅಪ್ಪ ನಾಲ್ಕು ನಟ್ಟು ಬಿಗಿದು ಪಾನಾವನ್ನು ಮಗನ ಕೈಗೆ ಕೊಡುತ್ತಿದ್ದರಂತೆ. ‘ಕೆಂಪನೆಯದು ನಿನ್ನದು.’

ಇದನ್ನು ಅವರು ನನ್ನ ಮೇಲೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಗುಜರಿಯವನು ತಿಂಗಳಿಗೊಮ್ಮೆ ಬರುತ್ತಾನೆ; ಆ ತಿಂಗಳು ಇನ್ನೂ ಬಂದಿರಲಿಲ್ಲ. ಯಜಮಾನರು ಉಳಿದ ಕೆಲಸ ನಿಲ್ಲಿಸಿದರು. ಡಬ್ಬವನ್ನು ಟಾರ್ಪಾಲಿನ ಮೇಲೆ ಮಗುಚಿ ಆರೂ ಜನ ಕುಳಿತು ಕೈಯಿಂದ ಹೆಕ್ಕಿದೆವು. ಹೆಕ್ಕುತ್ತಿರುವಾಗ ನನ್ನ ತಲೆಯಲ್ಲಿ ಇದ್ದದ್ದು ಹುಬ್ಬಳ್ಳಿ. ಅಪ್ಪ ಹೋದ ಮೇಲೆ ಗ್ಯಾರೇಜಿನ ಜಾಗ ಖಾಲಿ ಮಾಡಬೇಕಾಗಿ ಬಂದಾಗ ನಾನು ಹತ್ತು ದಿನಗಳ ರಜೆಯಲ್ಲಿ ಹೋಗಿದ್ದೆ. ಅವರ ಪಾನಾಗಳನ್ನೆಲ್ಲ ತೂಕಕ್ಕೆ ಮಾರಿ ಬಂದೆ. ಅವುಗಳಲ್ಲಿ ಒಂದು ರಿಂಗ್ ಪಾನಾ ನನ್ನ ಸಣ್ಣ ಕೈಗೆ ಹೊಂದಲೆಂದು ಅವರು ಹಿಡಿ ಕೊಯ್ದು ಕೊಟ್ಟದ್ದಾಗಿತ್ತು. ವಿಮಾನ ಹತ್ತಿದ ಮೇಲೆ ನೆನಪಾಯಿತು.

ನಟ್ಟು ಸಿಕ್ಕಿತು. ಬೋಲ್ಟೂ ಸಿಕ್ಕಿತು, ಆದರೆ ಪ್ರೆಸ್ಸಿನಲ್ಲಿ ಒತ್ತುವಾಗ ಅದರ ಥ್ರೆಡ್ ಹಾಳಾಗಿತ್ತು. ಮತ್ತೆ ಹಾಕುವಂತಿರಲಿಲ್ಲ. ನಾನು ಹೆಮ್ಮೆಯಿಂದ ಕೂರಿಸಿದ್ದ ‘ಎಲ್’ ಬೋಲ್ಟನ್ನು ತೆಗೆದು, ಅದೇ ಅಳತೆಯ ಸಾಮಾನ್ಯ ಥ್ರೆಡ್ಡಿನ ಹೊಸ ಬೋಲ್ಟನ್ನು ಕೂರಿಸಿ, ಅದಕ್ಕೆ ಕೆಂಪು ನಟ್ಟು ಹೊಂದಿಸಿದೆವು. ನಟ್ಟನ್ನು ಸಾಲ್ವೆಂಟಿನಲ್ಲಿ ತೊಳೆಯಲಿಲ್ಲ, ನೇಲ್ ಪಾಲಿಶ್ ಅದರಲ್ಲಿ ಕರಗಿಹೋಗುತ್ತದೆ. ಬಟ್ಟೆಯಿಂದ ಒರೆಸಿದೆವು ಅಷ್ಟೇ. ಮುಂದೆ ಯಾವ ಟೈರ್ ಅಂಗಡಿಯವನೂ ಗಾಳಿಯ ಗನ್ನು ಹಿಡಿದು ಅದನ್ನು ಮುರಿಯಬಾರದೆಂದು ಡಿಕ್ಕಿಯ ಒಳಗೆ ಒಂದು ಚೀಟಿ ಅಂಟಿಸಿದೆವು.

ಅಂದಿನಿಂದ ನಮ್ಮಲ್ಲಿ ಕೆಲಸ ಶುರುವಾಗುವ ಕ್ರಮವೇ ಬೇರೆಯಾಯಿತು. ಪಾನಾ ಎತ್ತುವ ಮೊದಲು ಮನೆಯಲ್ಲಿ ಆ ಕಾರನ್ನು ಕಂಡಿರುವ ಅತ್ಯಂತ ಹಿರಿಯರನ್ನು ಕರೆಸುತ್ತೇವೆ. ಬರಲಾಗದಿದ್ದರೆ ಫೋನಿನಲ್ಲಿ ವಿಡಿಯೊ ಮಾಡಿ ಕಾರಿನ ಸುತ್ತ ನಡೆಯುತ್ತೇವೆ. ‘ಏನು ಸರಿಮಾಡಬೇಕು’ ಎಂದು ಕೇಳುವುದಿಲ್ಲ, ಅದು ನಮಗೆ ಕಾಣುತ್ತದೆ. ‘ಏನನ್ನು ಮುಟ್ಟಬಾರದು’ ಎಂದು ಕೇಳುತ್ತೇವೆ. ಮೊದಮೊದಲು ಜನ ಏನೂ ಇಲ್ಲ ಎನ್ನುತ್ತಾರೆ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಒಂದು ಬಾಗಿಲ ಹಿಡಿಯ ಮೇಲೆ, ಒಂದು ಗೀರಿನ ಮೇಲೆ ಅವರ ಕೈ ನಿಲ್ಲುತ್ತದೆ. ಬಿಚ್ಚಿದ ಭಾಗ ಎಷ್ಟೇ ಹಾಳಾಗಿರಲಿ, ಚೀಟಿ ಕಟ್ಟಿ ಟ್ರೇಯಲ್ಲಿ ಇಡುತ್ತೇವೆ. ಗಿರಾಕಿ ನೋಡುವ ತನಕ ಗುಜರಿಗೆ ಹೋಗುವುದಿಲ್ಲ. ಇದರಿಂದ ಜಾಗ ಸಾಲುವುದಿಲ್ಲ ಎಂದು ನಮ್ಮ ಟಿಂಕರ್ ಗೊಣಗುತ್ತಾರೆ. ಅವರ ಗೊಣಗಾಟ ನ್ಯಾಯವೇ, ಆದರೂ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಹಾಗೆಂದು ಎಲ್ಲವನ್ನೂ ನೆನಪೆಂದು ಉಳಿಸಲಾಗದು. ಆ ಕಾರಿನ ತಳದಲ್ಲಿ, ಮುಂಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಕೂರುವ ಅಡ್ಡಪಟ್ಟಿ ತುಕ್ಕಿನಿಂದ ಜಾಳಾಗಿತ್ತು. ಕತ್ತರಿಸಿ ಹೊಸ ತಗಡು ಬೆಸೆದೆವು. ಬ್ರೇಕಿನ ಪೈಪು, ಪೆಟ್ರೋಲಿನ ರಬ್ಬರು, ಟೈರು ಇವುಗಳ ಬಗ್ಗೆ ಯಾರ ಭಾವನೆಯನ್ನೂ ಕೇಳುವುದಿಲ್ಲ, ಕೇಳಲೂ ಬಾರದು. ಆ ಕಾರಿನಲ್ಲಿ ಮತ್ತೆ ಮಕ್ಕಳು ಕೂರುತ್ತಾರೆ. ಕಾರಿನ ಪ್ರದರ್ಶನಗಳಲ್ಲಿ ತೀರ್ಪುಗಾರರು ಆ ಕೆಂಪು ನಟ್ಟಿಗೆ ಅಂಕ ಕಳೆಯಬಹುದು ಎಂದು ಮಗಳಿಗೆ ಮೊದಲೇ ಹೇಳಿದೆ. ‘ಕಳೆಯಲಿ’ ಎಂದಳು.

ಕೆಲಸ ಮುಗಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್, ಹೊಸದು ಹಾಕಿದ್ದರಿಂದ ಮೊದಲ ಬಾರಿ ಸ್ಟಾರ್ಟ್ ಆದೊಡನೆ ಜಿಂಕ್ ಹೆಚ್ಚಿರುವ ಎಣ್ಣೆಯಲ್ಲಿ, 2,000 ಆರ್‌ಪಿಎಂಗಿಂತ ಮೇಲೆ, ಇಪ್ಪತ್ತು ನಿಮಿಷ ಬಿಡದೆ ಓಡಿಸಬೇಕಿತ್ತು. ಇಲ್ಲವಾದರೆ ಕ್ಯಾಮ್ ಸವೆದುಹೋಗುತ್ತದೆ. ಆ ಇಪ್ಪತ್ತು ನಿಮಿಷ ತಂದೆ ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಇದ್ದರು. ಹಿಂದಿನ ಎಡ ಚಕ್ರವನ್ನು ಮಾತ್ರ ನಾವು ಬೇಕೆಂದೇ ಹಾಕದೆ ಬಿಟ್ಟಿದ್ದೆವು.

ಎಂಜಿನ್ ಆರಿಸಿದ ಮೇಲೆ ಅವರು ಕೋಟು ಬಿಚ್ಚಿಟ್ಟು ಮಂಡಿಯೂರಿದರು. ಕೆಂಪು ನಟ್ಟನ್ನು ಬೆರಳಿನಲ್ಲೇ ಹತ್ತಿಸಿ, ಬಲಕ್ಕೆ ತಿರುಗಿಸಿ, ಪಾನಾದಿಂದ ಬಿಗಿದರು. ಆಮೇಲೆ ಪಾನಾವನ್ನು ನನ್ನತ್ತ ಚಾಚಿದರು.

‘ಉಳಿದ ನಾಲ್ಕು ನಿಮ್ಮವು’ ಎಂದರು.

ನಾನು ಕುಳಿತು, ಮೊದಲು ಬೋಲ್ಟಿನ ತುದಿ ನೋಡಿದೆ. ‘ಎಲ್’ ಇತ್ತು. ಎಡಕ್ಕೆ ತಿರುಗಿಸಿದೆ.