15 ವ್ಯಾಟ್ ವಾಲ್ವ್ ಆಂಪ್‌ನಲ್ಲಿ ಬೇಸ್ ಕೇಳಿಸುತ್ತಾ?

ಬೇಸ್ ಗಿಟಾರ್‌ಗೆ 15 ವ್ಯಾಟ್‌ನ ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಹಾಕಿದ ಆಂಪ್ಲಿಫೈಯರ್) ಕಟ್ಟುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಇದೇ: ಅಷ್ಟು ಸಾಕಾಗುತ್ತಾ? ಅಂಗಡಿಯಲ್ಲಿ 300, 500 ವ್ಯಾಟ್ ಅಂತ ನೋಡಿ ಬಂದವರಿಗೆ ಅನುಮಾನ ಬರಬೇಕಾದ್ದೇ. ಮನೆಗೆ, ರೆಕಾರ್ಡಿಂಗ್‌ಗೆ, ಡ್ರಮ್ಸ್ ಮೆತ್ತಗೆ ಬಾರಿಸುವ ಸಣ್ಣ ತಂಡಕ್ಕೆ ಸಾಕು. 150 ವ್ಯಾಟ್ ಹಾಕಿದರೂ ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟೇ ಜೋರು ಅನ್ನಿಸುತ್ತದೆ, ಹತ್ತರಷ್ಟಲ್ಲ. ಸ್ಪೀಕರ್ ಕೂಡ ಮುಖ್ಯ: ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 94 ಡೆಸಿಬೆಲ್ ಸದ್ದು ಕೊಡುವ ಸ್ಪೀಕರ್ ತೆಗೆದು 100 ಡೆಸಿಬೆಲ್‌ನದ್ದು ಹಾಕಿದರೆ ವ್ಯಾಟ್ ನಾಲ್ಕು ಪಟ್ಟು ಮಾಡಿದ ಹಾಗೆ.

ಆಂಪೆಗ್ ಕಂಪನಿಯ ಬಿ-15 ಎಂಬ ಬೇಸ್ ಆಂಪ್ ಬಂದಿದ್ದು 1960ರಲ್ಲಿ. ಎರಡು 6ಎಲ್6 ವಾಲ್ವ್, 15 ಇಂಚಿನ ಒಂದು ಸ್ಪೀಕರ್, ಬರೀ 25 ವ್ಯಾಟ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಸಣ್ಣ ಕ್ಲಬ್‌ಗಳಲ್ಲಿ ಬಳಸುತ್ತಿದ್ದದ್ದು ಇದನ್ನೇ.

ಆದ್ದರಿಂದ ನಾನು ಮೊದಲು ನೋಡುವುದು ವ್ಯಾಟ್ ಅಲ್ಲ, ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ತೂಕ. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಸ್, ಬೇಸ್‌ನದ್ದು 41. ವೋಲ್ಟೇಜ್ ಅಷ್ಟೇ ಇದ್ದು ಹರ್ಟ್ಸ್ ಅರ್ಧವಾದರೆ ಟ್ರಾನ್ಸ್‌ಫಾರ್ಮರ್‌ನ ಕೋರ್, ಅಂದರೆ ಒಳಗಿನ ಕಬ್ಬಿಣ, ಹೊರಬೇಕಾದ ಕಾಂತಬಲ ಎರಡರಷ್ಟಾಗುತ್ತದೆ. ಗಿಟಾರ್ ಆಂಪ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಅದು ಆಗುವುದಿಲ್ಲ, ಕೋರ್ ತುಂಬಿಹೋಗಿ ಕೆಳಗಿನ ಸ್ವರ ಬರೀ ಬುರಬುರ ಅನ್ನುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಟ್ರಾನ್ಸ್‌ಫಾರ್ಮರ್ ಸುತ್ತಿಸುವುದಾದರೆ ಸುಮ್ನೆ 15 ವ್ಯಾಟ್ ಅನ್ನಬೇಡಿ, 40 ಹರ್ಟ್ಸ್‌ನಲ್ಲಿ ಪೂರ್ತಿ 15 ವ್ಯಾಟ್ ಬೇಕು ಅನ್ನಿ. "ಇಷ್ಟು ದಪ್ಪ ಕೋರ್ ಯಾಕೆ ಸಾರ್, ದುಡ್ಡು ದಂಡ" ಅಂತಾರೆ ಸುತ್ತುವವರು. ಅನ್ನಲಿ ಬಿಡಿ.

ಒಂದೇ ವಾಲ್ವ್‌ನ 5 ವ್ಯಾಟ್ ಆಂಪ್ ಆಗಲ್ವಾ ಅಂತಲೂ ಕೇಳುತ್ತಾರೆ. ಬೇಸ್‌ಗೆ ನಾನಂತೂ ಬೇಡ ಅನ್ನುತ್ತೇನೆ. ಅದರಲ್ಲಿ ಡಿಸಿ ಕರೆಂಟ್ ಯಾವಾಗಲೂ ಒಂದೇ ದಿಕ್ಕಿಗೆ ಹರಿದು, ನೀವು ತಂತಿ ಮೀಟುವ ಮೊದಲೇ ಕೋರ್‌ನ ಒಂದಷ್ಟು ಶಕ್ತಿ ತಿಂದಿರುತ್ತದೆ. ಎರಡು ವಾಲ್ವ್ ಎದುರುಬದುರಾಗಿ ಕೆಲಸ ಮಾಡುವ ಪುಶ್-ಪುಲ್‌ನಲ್ಲಿ ಎರಡು 6ವಿ6 ಅಥವಾ ಇಎಲ್84 ವಾಲ್ವ್‌ಗಳ ಡಿಸಿ ಒಂದಕ್ಕೊಂದು ವಜಾ ಆಗುತ್ತದೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ ಹಿಂದೆ ವಾಲ್ವ್ ತಯಾರಿಸುತ್ತಿತ್ತಲ್ಲ, ಹಳೇ ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಅವು ಸಿಕ್ಕರೆ ಬಿಡಬೇಡಿ. ಆದರೆ ಜೋಡಿಯ ಎರಡೂ ಒಂದೇ ಸಮ ಕರೆಂಟ್ ಎಳೆಯುತ್ತವಾ ಅಂತ ಅಳೆದು ನೋಡಿ, ಇಲ್ಲದಿದ್ದರೆ ಆ ವಜಾ ಲೆಕ್ಕವೇ ಕೆಡುತ್ತದೆ.

ಇನ್ನೊಂದು ವಿಷಯ. ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅದನ್ನು ನಿಧಾನಕ್ಕೆ ಇಳಿಸುವ ಬ್ಲೀಡರ್ ರೆಸಿಸ್ಟರ್ ಹಾಕಿ. ಹಾಕಿದ್ದರೂ ಮೀಟರ್ ಇಟ್ಟು ಸೊನ್ನೆ ನೋಡದೆ ಒಳಗೆ ಕೈ ಹಾಕಬೇಡಿ. ಸ್ಪೀಕರ್ ಜೋಡಿಸದೆ ಆಂಪ್ ನುಡಿಸಲೂಬೇಡಿ, ಅಷ್ಟು ದುಡ್ಡು ಕೊಟ್ಟು ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ಡ್ರಮ್ಸ್ ಜೋರಾಗಿ ಬಾರಿಸುವವರ ಜೊತೆ ವೇದಿಕೆ ಹತ್ತಿದರೆ? ಆಗ 15 ವ್ಯಾಟ್ ಸಾಲದು, ನಿಜ. ಸ್ಪೀಕರ್ ಸಾಕೆಟ್ ಪಕ್ಕ ಎರಡು ರೆಸಿಸ್ಟರ್‌ನಿಂದ ಒಂದು ಲೈನ್ ಔಟ್ (ಸಿಗ್ನಲ್ ತಗ್ಗಿಸಿ ಹೊರಗೆ ಕೊಡುವ ಸಾಕೆಟ್) ಮಾಡಿಕೊಳ್ಳಿ, ಸಭಾಂಗಣ ತುಂಬಿಸುವ ಕೆಲಸ ಸೌಂಡ್ ಸಿಸ್ಟಮ್‌ನವರಿಗೆ ಬಿಡಿ.