ಪುಶ್ ಟು ಟಾಕ್‌ಗೆ ತಿಂಗಳ ದುಡ್ಡು ಕಟ್ಟಬೇಕಾ?

ಕಾರ್ಯಕ್ರಮ ಮಾಡುವವರಿಗೆ, ಅಪಾರ್ಟ್‌ಮೆಂಟ್ ಸೆಕ್ಯುರಿಟಿಗೆ, ಟೆಂಪೋ ಲಾರಿ ಇಟ್ಟುಕೊಂಡವರಿಗೆ ವಾಕಿಟಾಕಿ ಹೊಂದಿಸಿಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆ ಊಟಕ್ಕೆ ಕೂತಾಗಲೂ ಪಕ್ಕದವರು ಕೇಳುವುದು ಇದನ್ನೇ: "ಈಗ ಮೊಬೈಲಲ್ಲೇ ಗುಂಡಿ ಒತ್ತಿ ಮಾತಾಡೋದು ಬಂದಿದೆಯಂತಲ್ಲ ಸಾರ್, ತಲೆಗೆ ಇಷ್ಟು ಅಂತ ತಿಂಗಳು ತಿಂಗಳು ಕಟ್ಟಬೇಕಂತೆ, ತಗೊಳ್ಳಲಾ ಬೇಡ್ವಾ?"

ಹೆಚ್ಚಿನವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಬ್ಬರು ಒಂದು ಕಡೆ ಕೂತು, ಬೇರೆ ಬೇರೆ ಜಾಗದಲ್ಲಿರುವ ಹತ್ತಾರು ಜನರನ್ನು ದಿನವಿಡೀ ಓಡಾಡಿಸುವ ಕೆಲಸವಾದರೆ ಮಾತ್ರ ಕಟ್ಟಿ.

ಪುಶ್ ಟು ಟಾಕ್ ಅಂದರೆ ಇದೇ: ಗುಂಡಿ ಒತ್ತಿದರೆ ನಿಮ್ಮ ದನಿ ಗುಂಪಿನ ಎಲ್ಲರ ಫೋನಿನಲ್ಲೂ ತಾನಾಗಿ ಕೇಳಿಸುತ್ತದೆ, ಯಾರೂ ಫೋನ್ ಎತ್ತಬೇಕಿಲ್ಲ. ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಇಷ್ಟರ ಮಟ್ಟಿಗೆ ವಾಕಿಟಾಕಿ ಥರವೇ. ಆದರೆ ಮಾತು ಹೋಗುವುದು ಮೊಬೈಲ್ ಟವರ್ ಮೂಲಕ, ಇಲ್ಲವೇ ವೈಫೈ ಮೂಲಕ. ಅದಕ್ಕೇ ಪೀಣ್ಯದ ಗೋಡೌನಿನಿಂದ ಹುಬ್ಬಳ್ಳಿ ಬೈಪಾಸಿನಲ್ಲಿರುವ ಡ್ರೈವರನ್ನೂ ಕರೆಯಬಹುದು. ಕೈಯಲ್ಲಿ ಹಿಡಿಯುವ ವಾಕಿಟಾಕಿ ಊರಿನ ಕಟ್ಟಡಗಳ ನಡುವೆ ಒಂದೆರಡು ಕಿಲೋಮೀಟರ್ ಹೋದರೆ ಪುಣ್ಯ.

"ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ಆಯ್ತಲ್ಲ" ಅಂತ ಕೆಲವರು ಅನ್ನುತ್ತಾರೆ. ಆಗುತ್ತೆ, ಅರ್ಜೆಂಟ್ ಇಲ್ಲದಿದ್ದರೆ. ಅದನ್ನು ಕೇಳಬೇಕಾದರೆ ಫೋನ್ ತೆಗೆದು, ಗ್ರೂಪ್ ತೆರೆದು, ಒತ್ತಬೇಕು. ಎರಡೂ ಕೈಯಲ್ಲಿ ಬಡಿಸುವ ಬಕೆಟ್ ಹಿಡಿದವನು ಅದನ್ನು ಕೇಳುವುದು ಪಂಕ್ತಿ ಎದ್ದ ಮೇಲೆ.

ಬಿಟ್ಟಿ ಆ್ಯಪ್‌ಗಳೂ ಇವೆ. ಝೆಲ್ಲೋ ಹೆಸರು ಕೇಳಿರಬಹುದು. 2017ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹಾರ್ವಿ ಚಂಡಮಾರುತದ ನೆರೆ ಬಂದಾಗ ದೋಣಿ ತಗೊಂಡು ಹೋದ ಸ್ವಯಂಸೇವಕರು ಅದರಲ್ಲೇ ಮಾತಾಡಿಕೊಂಡು ಜನರನ್ನು ಹುಡುಕಿದರು. ಸ್ವಂತ ಬಳಕೆಗೆ ಅದಕ್ಕೆ ದುಡ್ಡಿಲ್ಲ, ವ್ಯವಹಾರಕ್ಕೆ ಅಂತ ಬೇರೆ ಸೇವೆ ಇದೆ, ಅದಕ್ಕೆ ತಲೆಲೆಕ್ಕದ ಚಂದಾ. ಟ್ರಿಪ್ ಹೊರಟ ನಾಲ್ಕು ಕಾರಿನವರು, ಟ್ರೆಕಿಂಗ್ ಹುಡುಗರು, ಊರ ಜಾತ್ರೆಯ ಸ್ವಯಂಸೇವಕರು, ಇವರಿಗೆಲ್ಲ ಬಿಟ್ಟಿಯದ್ದು ಧಾರಾಳ ಸಾಕು. ಸುಮ್ನೆ ದುಡ್ಡು ಕಳೆಯಬೇಡಿ.

ಹಾಗಾದರೆ ಚಂದಾ ಕಟ್ಟಿದವರಿಗೆ ಏನು ಜಾಸ್ತಿ ಸಿಗುತ್ತದೆ? ದನಿ ಹೆಚ್ಚುಕಮ್ಮಿ ಅದೇ. ನೀವು ಕಟ್ಟುವುದು ಹತೋಟಿಗೆ. ಯಾರು ಯಾವ ಗುಂಪಿನಲ್ಲಿ ಇರಬೇಕು ಅಂತ ಆಫೀಸಿನಲ್ಲಿ ಕೂತೇ ಬದಲಾಯಿಸಬಹುದು, ಸೂಪರ್‌ವೈಸರ್ ಮಾತಾಡಿದರೆ ಉಳಿದವರ ಮಾತು ಕಟ್ ಆಗುವ ಹಾಗೆ ಮಾಡಬಹುದು, ಯಾರು ಎಲ್ಲಿದ್ದಾರೆ ಅಂತ ಮ್ಯಾಪಿನಲ್ಲಿ ನೋಡಬಹುದು, ಮಾತು ರೆಕಾರ್ಡ್ ಆಗಿರುತ್ತದೆ, ಅಪಾಯಕ್ಕೆ ಅಂತ ಬೇರೆ ಗುಂಡಿ ಇರುತ್ತದೆ. ಗಾರ್ಡ್ ಕೆಲಸ ಬಿಟ್ಟು ಹೋದ, ಅವನ ಸ್ವಂತ ಫೋನಿನಲ್ಲಿ ನಿಮ್ಮ ಗೇಟಿನ ಮಾತುಕತೆ ಇನ್ನೂ ಕೇಳಿಸುತ್ತಿದೆ ಅಂದ್ಕೊಳ್ಳಿ. ಅವನನ್ನು ಅದೇ ಕ್ಷಣ ತೆಗೆದುಹಾಕಲು ಆಗುವುದಕ್ಕೇ ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು ದುಡ್ಡು ಕೊಡುತ್ತಾರೆ.

ಇನ್ನೊಂದು ವ್ಯತ್ಯಾಸ ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ. ಕೆಲವು ಸೇವೆಗಳನ್ನು ಮೊಬೈಲ್ ಕಂಪನಿಯೇ ಕೊಡುತ್ತದೆ. ಅಮೆರಿಕದಲ್ಲಿ ವೆರಿಝೋನ್, ಎಟಿ ಅಂಡ್ ಟಿ ಹಾಗೆ ಮಾರುತ್ತವೆ. ಅದರ ಹಿಂದಿನ ತಂತ್ರಜ್ಞಾನದ ದೊಡ್ಡ ಪಾಲು ಕೋಡಿಯಾಕ್ ಅನ್ನುವ ಕಂಪನಿಯದ್ದು, ಅದಕ್ಕೆ ಬೆಂಗಳೂರಿನಲ್ಲೂ ಎಂಜಿನಿಯರುಗಳ ತಂಡ ಇತ್ತು. 2017ರಲ್ಲಿ ಮೊಟೊರೋಲಾ ಸೊಲ್ಯೂಷನ್ಸ್ ಅದನ್ನು ಕೊಂಡುಕೊಂಡಿತು. ಈ ಬಗೆಯ ಸೇವೆಯಲ್ಲಿ ಟವರ್ ತುಂಬಿಹೋದಾಗಲೂ ನಿಮ್ಮ ಮಾತಿಗೆ ಮೊದಲ ಸ್ಥಾನ ಕೊಡುವುದು ಸಾಧ್ಯ. ಪೊಲೀಸ್, ಅಗ್ನಿಶಾಮಕದಂಥವರಿಗಾಗಿ 2016ರಲ್ಲಿ ಇದಕ್ಕೆ ಜಾಗತಿಕ ಮಾನದಂಡವೂ ಬಂತು.

ನಮ್ಮಲ್ಲಿ ನನ್ನ ಹತ್ತಿರ ಬರುವ ಬ್ರೋಷರ್‌ಗಳಲ್ಲಿ ಹೆಚ್ಚಿನವು ಇನ್ನೊಂದು ಬಗೆಯವು: "ಯಾವ ಸಿಮ್ ಹಾಕಿದರೂ ನಡೆಯುತ್ತೆ." ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಒಳ್ಳೆಯದು ಯಾಕೆಂದರೆ ನಿಮ್ಮ ಜಾಗದಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಚೆನ್ನಾಗಿದೆಯೋ ಅದನ್ನು ಹಾಕಿಕೊಳ್ಳಬಹುದು. ಕೆಟ್ಟದ್ದು ಯಾಕೆಂದರೆ ಟವರಿನ ಲೆಕ್ಕದಲ್ಲಿ ಅದು ಬರೀ ಡೇಟಾ. ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದಾಗ ಸುತ್ತಲಿನವರು ರೀಲ್ಸ್ ಹಾಕುತ್ತಿರುತ್ತಾರಲ್ಲ, ಅದೇ ಸಾಲಿನಲ್ಲಿ ನಿಮ್ಮ "ಮೂರನೇ ಗೇಟ್ ಮುಚ್ಚಿ" ಅನ್ನುವುದೂ ಕಾಯಬೇಕು. ಇಂಟರ್ನೆಟ್ ಬಂದ್ ಮಾಡಿದ ದಿನವಂತೂ ಕೇಳಲೇಬೇಡಿ.

ಸಿಗ್ನಲ್ ಇಲ್ಲದ ಜಾಗದವರಿಗೆ ಇದು ಬೇಡವೇ ಬೇಡ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಕೇಳಿದಾಗ ನಾನು ಮೊದಲು ಕೇಳುವುದು, ನಿಮ್ಮ ರೈಟರ್ (ತೋಟದ ಲೆಕ್ಕ ನೋಡುವವನು) ಫೋನ್ ಮಾಡೋಕೆ ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಅಂತ. "ಗುಡ್ಡದ ಮೇಲಿನ ಬಂಡೆ ಹತ್ತಿರ" ಅಂದರೆ ಮಾತು ಮುಗಿಯಿತು, ಅವರಿಗೆ ಬೇಕಾದ್ದು ರೇಡಿಯೋ ಸೆಟ್, ಅಂದರೆ ಮಾಮೂಲಿ ವಾಕಿಟಾಕಿ. ಬೆಂಗಳೂರಿನ ಎರಡು ಮೂರು ಅಂತಸ್ತಿನ ಬೇಸ್‌ಮೆಂಟ್ ಪಾರ್ಕಿಂಗ್‌ಗೂ ಇದೇ ಉತ್ತರ, ಅಲ್ಲಿ ವೈಫೈ ಎಳೆದಿದ್ದರೆ ಮಾತ್ರ ಬೇರೆ.

ಆದರೆ ಸೆಟ್ ಅಂದ ಕೂಡಲೇ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರಿಸಬೇಡಿ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ, ಕಡಿಮೆ ಪವರಿನ ಸೆಟ್‌ಗೆ ಲೈಸೆನ್ಸ್ ಬೇಕಿಲ್ಲ. ದೂರ ಹೋಗುವ ಐದು ವಾಟಿನವುಗಳಿಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಇದನ್ನೆಲ್ಲ ಹೇಳದೆ ಮಾರುತ್ತಿದ್ದಾರೆ ಅಂತಲೇ 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ತಂದಿತು. ಪುಶ್ ಟು ಟಾಕ್ ಆ್ಯಪ್‌ಗೆ ಈ ತಲೆನೋವಿಲ್ಲ, ಅದು ನಿಮ್ಮ ಮೊಬೈಲ್ ಸಿಮ್ ಮೇಲೇ ನಡೆಯುತ್ತದೆ. ಲೈಸೆನ್ಸ್ ಓಡಾಟ ತಪ್ಪಲಿ ಅಂತಲೇ ಚಂದಾ ಕಟ್ಟುವವರೂ ಇದ್ದಾರೆ, ಅದು ತಪ್ಪು ಲೆಕ್ಕವೇನಲ್ಲ.

ಇನ್ನು ಹ್ಯಾಂಡ್‌ಸೆಟ್ ವಿಚಾರ. ಪಕ್ಕದಲ್ಲಿ ದಪ್ಪ ಗುಂಡಿ, ಜೋರು ಸ್ಪೀಕರ್ ಇರುವ ಗಟ್ಟಿ ಸೆಟ್‌ಗಳನ್ನು ಸೇವೆಯ ಜೊತೆಗೇ ಕೊಡುತ್ತಾರೆ. ನಾಳೆ ಬೇರೆ ಸೇವೆಗೆ ಹೋದರೆ ಅದೇ ಸೆಟ್ ನಡೆಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಅಮೆರಿಕದಲ್ಲಿ ನೆಕ್ಸ್‌ಟೆಲ್ ಅಂತ ಇತ್ತು, ಕಟ್ಟಡ ಕಟ್ಟುವವರಿಂದ ಹಿಡಿದು ಟ್ರಕ್ಕಿನವರವರೆಗೆ ಎಲ್ಲರ ಸೊಂಟದಲ್ಲೂ ಅದೇ. ಗುಂಡಿ ಒತ್ತಿದ ಒಂದು ಸೆಕೆಂಡಿನೊಳಗೆ ಆ ಕಡೆ ದನಿ. 2005ರಲ್ಲಿ ಸ್ಪ್ರಿಂಟ್ ಜೊತೆ ಸೇರಿತು, 2013ರ ಜೂನ್ 30ಕ್ಕೆ ಆ ನೆಟ್‌ವರ್ಕನ್ನೇ ಆರಿಸಿಬಿಟ್ಟರು. ಆ ಫೋನುಗಳು ಬೇರೆ ನೆಟ್‌ವರ್ಕಿಗೆ ಹೊಂದುವಂಥವಲ್ಲ. ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಸೇವೆಗೇ ಹೀಗಾಯಿತು ಅಂದ್ಮೇಲೆ ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಅರ್ಧ ಬೆಲೆ ಅನ್ನುವವರ ಬಗ್ಗೆ ಹುಷಾರು, ಅಲ್ವಾ?

ಇಷ್ಟಾದ ಮೇಲೂ ಬೇಕು ಅನಿಸಿದರೆ ಒಂದು ತಿಂಗಳ ಲೆಕ್ಕದಲ್ಲಿ ತಗೊಳ್ಳಿ. ಮಾರುವವರ ಆಫೀಸಿನ ವೈಫೈನಲ್ಲಿ ಡೆಮೊ ನೋಡಿ ಒಪ್ಪಬೇಡಿ. ನಿಮ್ಮ ಜಾಗದಲ್ಲಿ ಸಿಗ್ನಲ್ ತೀರಾ ಕಡಿಮೆ ಇರುವ ಮೂಲೆಗೆ ಹೋಗಿ, ಜನ ಜಾಸ್ತಿ ಇರುವ ಹೊತ್ತಿನಲ್ಲಿ ಒತ್ತಿ ನೋಡಿ. ಗುಂಡಿ ಒತ್ತಿ ಎಷ್ಟು ಹೊತ್ತಿಗೆ "ಮಾತಾಡಿ" ಅನ್ನುವ ಬೀಪ್ ಬರುತ್ತದೆ ಗಮನಿಸಿ. ಎರಡು ಮೂರು ಸೆಕೆಂಡ್ ಆದರೆ ನಿಮ್ಮ ಹುಡುಗರು ಬೀಪ್‌ಗೆ ಕಾಯುವುದಿಲ್ಲ, ಪ್ರತಿ ಮಾತಿನ ಮೊದಲ ಪದ ನುಂಗಿಹೋಗುತ್ತದೆ. ಫೋನ್ ಜೇಬಿನಲ್ಲಿ ಅರ್ಧ ಗಂಟೆ ಸುಮ್ಮನಿದ್ದ ಮೇಲೆಯೂ ಒತ್ತಿ ನೋಡಿ, ಯಾಕೆಂದರೆ ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಆ್ಯಪನ್ನೇ ಮಲಗಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಪ್ಪಿಸಬಹುದು, ಆದರೆ ಒಂದೊಂದು ಫೋನಿಗೆ ಒಂದೊಂದು ಕಡೆ ಹುಡುಕಬೇಕು.

ಎಲ್ಲರಿಗೂ ಕೊಡುವ ಅಗತ್ಯವೂ ಇಲ್ಲ. ಸೂಪರ್‌ವೈಸರುಗಳಿಗೆ, ಡ್ರೈವರುಗಳಿಗೆ ಚಂದಾದ್ದು, ಬೇಸ್‌ಮೆಂಟಿನವರಿಗೆ ಲೈಸೆನ್ಸ್ ಬೇಡದ ಸೆಟ್, ಹೀಗೆ ಬೆರೆಸಿ ಕೊಟ್ಟರೆ ತಿಂಗಳ ಬಿಲ್ ಎಷ್ಟೋ ಇಳಿಯುತ್ತದೆ. ರೆಕಾರ್ಡಿಂಗ್, ಲೊಕೇಶನ್ ಇಟ್ಟುಕೊಳ್ಳುವುದಾದರೆ ಕೆಲಸದವರಿಗೆ ಮೊದಲೇ ಹೇಳಿ, ಡ್ಯೂಟಿ ಮುಗಿದ ಮೇಲೆ ಲಾಗೌಟ್ ಮಾಡಲು ಬಿಡಿ. ಬಿಡದಿದ್ದರೆ ಅವರೇ ಆ್ಯಪ್ ತೆಗೆದುಹಾಕುತ್ತಾರೆ, ನೀವು ದುಡ್ಡು ಕಟ್ಟುತ್ತಲೇ ಇರುತ್ತೀರಿ.